ಟ್ರ್ಯಾಕ್ಟರಿನ ಹಿಂದಿನ ಲೈಟ್

ಸಾನಪಾಡಾದಲ್ಲಿ ನನ್ನದು ಗಾಡಿಗಳ ವೈರಿಂಗ್ ಮಾಡುವ ಅಂಗಡಿ. ಒಮ್ಮೆ ಕಲ್ಯಾಣದ ಆಚೆಯ ನರ್ಸರಿಯೊಂದರಿಂದ ಫೋನ್ ಬಂತು. ಅವರ ಸಣ್ಣ ಟ್ರ್ಯಾಕ್ಟರಿಗೆ ಎಲ್‌ಇಡಿ ಲೈಟ್ ಹಾಕಬೇಕಿತ್ತು. ಮುಂದೆ ಎರಡು ಸಾಕೆಂದು ಮಾಲೀಕರು ಹೇಳಿದ್ದರು. ಡ್ರೈವರ್ ಶರಣಪ್ಪ, ಕಲಬುರಗಿ ಕಡೆಯವರು, ಹಿಂದೊಂದು ಬೇಕೇ ಬೇಕು ಅಂದರು.

"ಹಿಂದ ಯಾರೋ ನಡ್ಕೋತ ಬರ್ತಾರ್ರೀ. ತಿರುಗಿ ನೋಡಿದ್ರ ಕತ್ತಲಿ. ಯಾರಂತ ಕಾಣಬೇಕು."

ನಾನು ನಕ್ಕೆ. ಬ್ಯಾಟರಿಯಿಂದ ಬೇರೆ ಬೇರೆ ವೈರ್ ಎಳೆದು, ಮುಂದಿನವಕ್ಕೊಂದು ಹಿಂದಿನದಕ್ಕೊಂದು ಫ್ಯೂಸ್ ಕೂರಿಸಿದೆ. ಮುಂದಿನವು ಹತ್ತಿದವು. ಹಿಂದಿನದರ ಫ್ಯೂಸ್ ಮಾತ್ರ ಹಾಕಿದಷ್ಟು ಸಲವೂ ಸುಟ್ಟುಹೋಯಿತು. ಲೈಟ್ ಬದಲಿಸಿದೆ, ವೈರ್ ಬದಲಿಸಿದೆ, ಎಲ್ಲಿ ಹುಡುಕಿದರೂ ಶಾರ್ಟ್ ಇಲ್ಲ.

"ಫ್ಯೂಸ್ ಬಿಡ್ರಿ, ತಂತಿ ಸುತ್ತಿ ಕೊಡ್ರಿ," ಅಂದರು ಶರಣಪ್ಪ.

"ಬೆಂಕಿ ಹತ್ತಿದರೆ ಮೇಲೆ ಕೂತವರು ನೀವು ಮಾರಾಯ್ರೆ. ಇನ್ನೊಂದು ದಿನ ಬಂದು ನೋಡ್ತೇನೆ," ಅಂದೆ. ಹಿಂದಿನ ಲೈಟಿನ ವೈರನ್ನು ಬ್ಯಾಟರಿ ಹತ್ತಿರವೇ ಕತ್ತರಿಸಿ, ತುದಿಗೆ ಟೇಪ್ ಸುತ್ತಿದೆ.

ಮುಸ್ಸಂಜೆ ಶರಣಪ್ಪ ಶೆಡ್ಡಿನ ಕಡೆ ಟ್ರ್ಯಾಕ್ಟರ್ ಹೊರಡಿಸಿದರು. ನಾನು ಸಾಮಾನು ಚೀಲಕ್ಕೆ ತುಂಬುತ್ತಿದ್ದೆ. ಗಾಡಿ ಗಿಡಗಳ ಸಾಲಿನ ನಡುವೆ ಹೋಗುತ್ತಿದ್ದಾಗ ಅದರ ಹಿಂದಿನ ಲೈಟ್ ಹತ್ತಿತು. ಬೆಳ್ಳನೆಯ ಬೆಳಕು, ಒಂದಿಷ್ಟೂ ಮಿಣುಕದೆ, ಬಂದ ದಾರಿಯ ಮೇಲೆ ಬಿದ್ದಿತ್ತು. ನೋಡಲೇಬೇಕೆಂದು ಹಟ ಹಿಡಿದಿದ್ದ ಶರಣಪ್ಪ ಕತ್ತು ತಿರುಗಿಸಲಿಲ್ಲ. ಗಾಡಿಯ ವೇಗ ಮಾತ್ರ ಹೆಚ್ಚಿತು.

ಆ ಇನ್ನೊಂದು ದಿನ ನಾನು ಹೋಗಲಿಲ್ಲ. ಇಷ್ಟು ವರ್ಷದಲ್ಲಿ ಫ್ಯೂಸಿಲ್ಲದೆ ನಾನು ಉರಿಯಲು ಬಿಟ್ಟ ಲೈಟ್ ಅದೊಂದೇ. ಅದಕ್ಕೆ ಗ್ಯಾರಂಟಿ ಕೊಟ್ಟಿಲ್ಲ.