ಸೋಡಾ ಕಂಪನಿಯ ಗಂಡು

ಮೊನ್ನೆ ಸೋಮವಾರ ಹುಣಸೆಹಣ್ಣು ಹಚ್ಚಿ ದೇವರ ದೀಪ ತಿಕ್ಕುತ್ತ ಕೂತಿದ್ದೆ. ಫೋನ್ ಬಂತು. ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ.

"ಅಕ್ಕಾರ, ಹುಡುಗ ಸೋಡಾ ಕಂಪನ್ಯಾಗ ಅದಾನ ಅಂದಿದ್ರಿ. ಅದು ಬೀರ್ ಕಂಪನಿ ಐತಿ."

ಮಾತಾಡಿದವರು ಬೇಗಂ ಬಜಾರಿನ ವ್ಯಾಪಾರಿ ಮಲ್ಲಪ್ಪನವರು. ಅವರ ಮಗಳನ್ನು ನನ್ನ ಅಣ್ಣನ ಮಗ ಶಿವುಗೆ ಕೇಳಿದ್ದೆವು. ಭಾನುವಾರ ನಿಶ್ಚಿತಾರ್ಥ. ಮಧ್ಯಸ್ಥಿಕೆ ನನ್ನದೇ.

ನಾನು ಬೇಕಂತಲೇ ಸುಳ್ಳು ಹೇಳಿರಲಿಲ್ಲ. ಶಿವು "ಅಮೆರಿಕನ್ ಕಂಪನಿ, ಪ್ಯಾಕಿಂಗ್ ಸೆಕ್ಷನ್" ಅಂದಿದ್ದ. ಅವನು ಹೇಳಿದ ಕಂಪನಿಯ ಹೆಸರನ್ನು ಮಾದಾಪುರದ ದೊಡ್ಡ ಹೋರ್ಡಿಂಗಿನಲ್ಲಿ ನೋಡಿದ್ದೆ. ಕೆಂಪು ಅಕ್ಷರ, ಐಸು, ಗ್ಲಾಸು, ಕೆಳಗೆ ಸಣ್ಣದಾಗಿ ಸೋಡಾ ಎಂದು. (ಓದಲು ಬರುತ್ತದೆ, ಓದಿದ್ದನ್ನು ನಂಬಿದೆ.)

ನಮ್ಮ ಮನೆಯಲ್ಲೇ ಇರುವ ಶಿವು ಪಾಳಿ ಮುಗಿಸಿ ಮಲಗಿದ್ದ. ಕೇಳಿ ಹೇಳ್ತೀನಿ ಅಂತ ಫೋನ್ ಇಟ್ಟು ಅವನನ್ನು ಎಬ್ಬಿಸಿದೆ.

"ಬೀರಿನ ಜಾಹೀರಾತು ಹಾಕಂಗಿಲ್ಲ ಅತ್ತಿ. ಅದಕ್ಕ ಅದೇ ಹೆಸರಿನ ಸೋಡಾ ತೋರಸ್ತಾರ."

"ಆ ಸೋಡಾ ಅಂಗಡ್ಯಾಗ ಸಿಗ್ತದೇನು?"

"ನಾನೇ ಇನ್ನೂ ನೋಡಿಲ್ಲ."

ಹೋಗಲಿ, ಬೀರಾದರೂ ಅಮೆರಿಕದ್ದೇ? ಅಲ್ಲ. ಇಲ್ಲೇ ಸಂಗಾರೆಡ್ಡಿ ಕಡೆ ತಯಾರಾಗುತ್ತದಂತೆ, ಮಾಂಜ್ರಾ ನೀರಿನಲ್ಲಿ. ಬೀದರಿನ ನನ್ನ ತವರಲ್ಲಿ ಅಭಿಷೇಕಕ್ಕೆ ಆ ಹೊಳೆಯ ನೀರೇ ತರುತ್ತಿದ್ದೆವು. ಮತ್ತೆ ಲೋಕಲ್ ಬಾಟಲಿಗಿಂತ ಇದರ ರೇಟು ಯಾಕೆ ಜಾಸ್ತಿ?

"ಹೆಸರು ಅಮೆರಿಕದ್ದು ಐತಲ್ಲ! ಅಲ್ಲಿ ಇದು ಕೂಲಿ ಮಂದಿ ಕುಡಿಯೋದಂತ. ಇಲ್ಲಿ ಚಂದದ ಡಬ್ಬಿಗೆ ತುಂಬಿದ್ರ ಸಾಹೇಬರು ಕುಡಿಯೋದು."

"ನೀ ಕುಡೀತೀಯೇನು?"

ಕೊರಳಿನ ಲಿಂಗ ಮುಟ್ಟಿ ಇಲ್ಲ ಅಂದ.

"ಮತ್ತ ಮೊದಲೇ ಯಾಕ ಹೇಳಲಿಲ್ಲ?"

"ನೀವು ಸೋಡಾ ಅಂದ್ರಿ. ಕೇಳಾಕ ಛಲೋ ಅನಸ್ತು."

ಹುಡುಗ ಕುಡಿಯುವುದಿಲ್ಲ, ಅದೊಂದು ಸಮಾಧಾನ. ಸುದ್ದಿ ನಿಶ್ಚಿತಾರ್ಥಕ್ಕೆ ಮೊದಲೇ ಹೊರಬಿತ್ತು, ಇದೊಂದು. ದೇವರು ಕೊಟ್ಟಷ್ಟು ಸಾಕು ಎಂದುಕೊಂಡು ಮಲ್ಲಪ್ಪನವರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದೆ. ಮೊದಲು ತಪ್ಪು ಒಪ್ಪಿಕೊಂಡೆ, ಆಮೇಲೆ ಹೋರ್ಡಿಂಗಿನ ಕತೆ ಹೇಳಿದೆ.

"ಅದೆಲ್ಲ ಖರೆ ಅಕ್ಕಾರ. ಮಂದಿ ಏನಂತಾರ? ಕುಡಿಸೋರ ಮನೀಗೆ ಹೆಣ್ಣು ಕೊಟ್ಟ ಅಂತಾರ."

ಅವರದು ಪ್ಲಾಸ್ಟಿಕ್ ಗ್ಲಾಸುಗಳ ಹೋಲ್‌ಸೇಲ್ ವ್ಯಾಪಾರ. ಕೇಳಬಾರದಿತ್ತೇನೋ, ಕೇಳಿಯೇಬಿಟ್ಟೆ.

"ಸಿಟ್ಟಾಗಬ್ಯಾಡ್ರಿ ಅಣ್ಣಾರ. ನಿಮ್ಮ ಗ್ಲಾಸು ಯಾರು ಭಾಳ ಒಯ್ತಾರ್ರಿ?"

ಬಜಾರಿನ ಹಾರನ್ನುಗಳ ನಡುವೆ ಅವರು ದನಿ ಇಳಿಸಿದರು.

"ವೈನ್ ಶಾಪಿನವರು," ಅಂದರು. ಕೂಡಲೇ ಸೇರಿಸಿದರು, "ಮದುವಿ ಮನಿಯವರೂ ಒಯ್ತಾರ್ರಿ."

ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು. "ಅಪ್ಪಾ, ಅವರು ಕುಡೀತಾರೋ ಇಲ್ಲೋ, ಅಷ್ಟು ಕೇಳು."

ಶಿವು ಫೋನಿನತ್ತ ಬಗ್ಗಿದ. "ಇಲ್ರಿ. ಡಬ್ಬಿ ಪ್ಯಾಕ್ ಮಾಡಸ್ತೀನಿ, ಅಷ್ಟೇ. ನಾನೇ ಹೇಳಬೇಕಿತ್ತು."

ಹುಡುಗಿ ಅಪ್ಪನಿಗೆ ಏನೋ ಹೇಳಿದಳು. ನಮಗೆ ಕೇಳಿಸಲಿಲ್ಲ.

"ಭಾನುವಾರ ಬರ್ರಿ," ಅಂದರು ಮಲ್ಲಪ್ಪನವರು. "ಆದ್ರ ಲಗ್ನಪತ್ರಿಕ್ಯಾಗ ಬರೇ 'ಅಮೆರಿಕನ್ ಕಂಪನಿ' ಅಂತ ಹಾಕಸ್ರಿ."

ಹೂಂ ಅಂದೆ. ಜಾಹೀರಾತು ಬರೆಯುವುದನ್ನು ಆ ಕಂಪನಿಯವರು ನಮ್ಮ ಲಗ್ನಪತ್ರಿಕೆ ನೋಡಿಯೇ ಕಲಿತರೇನೋ ಎಂದುಕೊಳ್ಳುತ್ತ, ಎದ್ದು ಜೋಳದ ಹಿಟ್ಟು ನಾದಲು ಹೋದೆ.