ಅವಳು ಬರೆದ ಸಾಲು

ಯಾರು ಎಲ್ಲಿ ಕೂರಬೇಕು ಅನ್ನುವುದರ ಬಗ್ಗೆ ನನ್ನ ಹೆಂಡತಿಗೆ ಖಡಾಖಂಡಿತ ಅಭಿಪ್ರಾಯವಿದೆ. ಊಟದ ಮೇಜಿನಲ್ಲಿ ನನ್ನ ಕುರ್ಚಿ ಕಿಟಕಿ ಪಕ್ಕದ್ದು. ಮದುವೆಯಾದ ಲಾಗಾಯ್ತು ಬದಲಾಗಿಲ್ಲ. ಆಫೀಸಿನಲ್ಲೂ ಅವಳದು ಇದೇ ಕೆಲಸ. ಒಂದು ಸಂಶೋಧನಾ ಕೇಂದ್ರದ ದೊಡ್ಡ ಕಂಪ್ಯೂಟರನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದಾಳೆ. ಒಂದು ಭಾರೀ ಲೆಕ್ಕವನ್ನು ಮೂವತ್ತೆರಡು ತುಂಡು ಮಾಡಿ ಒಟ್ಟಿಗೆ ಓಡಿಸುವಾಗ, ಯಾವ ತುಂಡು ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಯಾವ ಘಟಕದಲ್ಲಿ, ಅಂದರೆ ಯಾವ ಕೋರಿನಲ್ಲಿ, ಕೂರಬೇಕೆಂದು ಹೇಳುವವಳು ಇವಳು. ಹೇಳದಿದ್ದರೆ ಕಂಪ್ಯೂಟರು ತುಂಡುಗಳನ್ನು ಆ ಕೋರಿನಿಂದ ಈ ಕೋರಿಗೆ ಎತ್ತಿಹಾಕುತ್ತಲೇ ಇರುತ್ತದಂತೆ. ಪ್ರತಿಸಲವೂ ಕೈಗೆಟುಕುವಂತೆ ಇಟ್ಟುಕೊಂಡ ಮಾಹಿತಿಯೆಲ್ಲ ಹಿಂದೆಯೇ ಉಳಿದು ಹೊತ್ತು ಹಾಳು. ನಾನು ದರ್ಜಿ, ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹೊಲಿಯುವಾಗ ಯಾರಾದರೂ ಕತ್ತರಿ ಸರಿಸಿದರೆ ನನಗೂ ಮೈಯೆಲ್ಲ ಉರಿಯುತ್ತದೆ.

ಹೀಗೆ ಕೂರಿಸುವುದಕ್ಕೆಂದೇ ಇವಳು ಎಂದೋ ಕಂಪ್ಯೂಟರಿಗೆ ಒಂದು ಸಾಲಿನ ಆದೇಶ ಬರೆದಿಟ್ಟಿದ್ದಳು. ಎಲ್ಲರೂ ಅದನ್ನು ಕಣ್ಣುಮುಚ್ಚಿ ಬಳಸುತ್ತಿದ್ದರು. ಅದರಲ್ಲಿ ಒಬ್ಬರೂ ತಪ್ಪು ಹಿಡಿದಿಲ್ಲ ಎಂಬುದು ಇವಳ ಜಂಬ. ನಿವೃತ್ತಿಗೆ ಎರಡೇ ತಿಂಗಳಿತ್ತು.

ಅಷ್ಟರಲ್ಲಿ ಹೊಸ ಕಂಪ್ಯೂಟರು ಬಂತು. ಅದರಲ್ಲಿ ಮೊದಲು ದೊಡ್ಡ ಲೆಕ್ಕ ಓಡಿಸಿದವಳು ನದಿಗಳ ಪ್ರವಾಹದ ಬಗ್ಗೆ ಸಂಶೋಧನೆ ಮಾಡುವ ಹುಡುಗಿ. ಹಳೆಯದಕ್ಕಿಂತಲೂ ನಿಧಾನವಾಯಿತು. ಪ್ರೋಗ್ರಾಮೇ ಸರಿಯಿಲ್ಲ ಎಂದರು ಅವಳ ಪ್ರೊಫೆಸರು. ಎರಡು ವಾರ ಕಳೆದು ಬರುವ ಶುಕ್ರವಾರ ಕೇಂದ್ರದವರೆಲ್ಲ ಸೇರುವ ಸಭೆಯೊಳಗೆ ಸರಿಮಾಡದಿದ್ದರೆ ಈ ವಿಷಯ ಬಿಟ್ಟು ಬೇರೆಯದು ಹಿಡಿ ಎಂದೂ ಹೇಳಿದರು. ಮೂರು ವರ್ಷದ ದುಡಿಮೆ ನೀರಲ್ಲಿ ಹೋಮ ಮಾಡಿದ ಹಾಗೆ. ಹುಡುಗಿ ಇವಳ ಬಳಿ ಬಂದು, "ಅಕ್ಕಾ, ಕೂರಿಸೋ ಸಾಲನ್ನ ಒಂದ್ಸಲ ನೋಡ್ತೀರಾ?" ಎಂದು ಕೇಳಿದಳು.

"ಅದು ಸರಿಯಾಗೇ ಇದೆ. ನಿನ್ನದು ನೋಡ್ಕೊ," ಎಂದುಬಿಟ್ಟಳು ಇವಳು.

ಸಭೆಯ ಹಿಂದಿನ ದಿನ ಕಾರಿಡಾರಿನಲ್ಲಿ ಹುಡುಗಿಯ ಊದಿದ ಕಣ್ಣು ಕಂಡು ಇವಳ ಮನಸ್ಸು ತಡೆಯಲಿಲ್ಲ. ಸಂಜೆ ಮನೆಗೆ ಬಂದವಳೇ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ನೋಡುತ್ತಾ ಕೂತಳು. ಕೊನೆಗೆ ನನ್ನನ್ನು ಕರೆದಳು.

"ರೀ, ಹಳೇದ್ರಲ್ಲಿ ಒಂದು ಕೋರಿಗೆ ಒಂದೇ ನಂಬರು. ಇದ್ರಲ್ಲಿ ಒಂದೊಂದಕ್ಕೂ ಎರಡೆರಡು. ನಾನು ಬರೀ ನಂಬರು ಎಣಿಸಿ ಕೂರಿಸಿದೀನಿ. ಒಂದೊಂದರಲ್ಲಿ ಇಬ್ಬಿಬ್ರು ಒತ್ಕೊಂಡು ಕೂತಿದಾರೆ. ಅರ್ಧಕ್ಕರ್ಧ ಕೋರು ಖಾಲಿ ಬಿದ್ದಿವೆ."

"ಸದ್ದಿಲ್ದೆ ಸರಿಮಾಡ್ಬಿಡು. ಯಾರಿಗೆ ಗೊತ್ತಾಗತ್ತೆ?" ಎಂದೆ. ಹಾಗೆ ಹೇಳಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಆ ಹುಡುಗಿಗೆ ಕೆಲಸ ಬರಲ್ಲ ಅಂತ ಎಲ್ರೂ ಅಂದ್ಕೊಂಡಾಗಿದೆ," ಎಂದಳು.

ಮರುದಿನ ಸಭೆಯಲ್ಲಿ ಎದ್ದುನಿಂತು, ತಪ್ಪು ತನ್ನದೆಂದು ಹೇಳಿ, ಎಲ್ಲರೆದುರೇ ಸಾಲನ್ನು ತಿದ್ದಿದಳಂತೆ. ಹುಡುಗಿಯ ಪ್ರೋಗ್ರಾಮಿಗೆ ಅಲ್ಲೇ ಒಂದು ಸಣ್ಣ ಲೆಕ್ಕ ಕೊಟ್ಟು ಓಡಿಸಿದರು. ಹತ್ತು ನಿಮಿಷ ಹಿಡಿಯುತ್ತಿದ್ದದ್ದು ಆರು ನಿಮಿಷಕ್ಕೆ ಮುಗಿಯಿತು. ಪ್ರೊಫೆಸರು ಹುಡುಗಿಯ ಕಡೆ ತಿರುಗಿ, ಇದೇ ವಿಷಯ ಮುಂದುವರಿಸು ಎಂದರು.

ಹುಡುಗಿ ಥ್ಯಾಂಕ್ಸ್ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಬಂದು, "ಎರಡು ವಾರ ನನ್ನ ತಲೇನೇ ಸರಿಯಿಲ್ಲ ಅಂದ್ಕೊಂಡಿದ್ದೆ ಅಕ್ಕಾ. ಕೇಳಿದಾಗ್ಲೇ ಯಾಕೆ ನೋಡ್ಲಿಲ್ಲ?" ಎಂದಳಂತೆ.

ಕೆಲಸ ತುಂಬ ಇತ್ತು ಎನ್ನಬಹುದಿತ್ತು. ಇವಳು ಹಾಗೆ ಹೇಳಲಿಲ್ಲ.

"ಅದನ್ನ ಬರೆದಿದ್ದು ನಾನು ಅಂತ ಕಣಮ್ಮ," ಎಂದಳು.