ಗೊನೆ ಕಡಿದವಳ ಪದ

ನಂಜನಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರ ಇವತ್ತು ರಸಬಾಳೆ ಸಿಕ್ಕಿತು. ಮನೆಗೆ ಬರುವಷ್ಟರಲ್ಲಿ ಬ್ಯಾಗೆಲ್ಲ ಅದರದೇ ಘಮ. ಆ ಘಮಕ್ಕೆ ಅಜ್ಜಿ ಹಾಡಿದ ಪದ ನೆನಪಾಯಿತು.

ನಾನು ಶಾಲೆಯಲ್ಲಿದ್ದಾಗ ಮೇಷ್ಟ್ರು ಊರಲ್ಲಿ ಹಾಡುವ ಪದವೊಂದನ್ನು ಅರ್ಥದ ಸಮೇತ ಬರೆದು ತರಲು ಹೇಳಿದ್ದರು. ನಮ್ಮೂರು ಹದಿನಾರಿನಲ್ಲಿ, ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಅಜ್ಜಿ ಹಾಡಿದಳು:

ಬಾಳೆ ನೆಟ್ಟು ಹೊಂಟೋನು, ಗೊನೆಗೆ ಬತ್ತೀನಂದೋನು
ಗೊನೆ ಬಲಿತ್ರೂ ಬರನಿಲ್ಲ, ಕಡಿದೆನಲ್ಲೋ ಗೊನೆಯ
ಕಂದೀಗೆ ನೀರ್ ಕಟ್ಟಿ ಬಂದೆನಲ್ಲೋ ಮನೆಗೆ

‘ನಲ್ಲನಿಗಾಗಿ ಹೆಣ್ಣು ಕಣ್ಣೀರಿಡುತ್ತಾ ಕಾಯುತ್ತಿದ್ದಾಳೆ’ ಎಂದು ಬರೆದು, ಹೆಮ್ಮೆಯಿಂದ ಓದಿದೆ.

“ಎಲ್ಲಿ ಕಾಯ್ತಾವ್ಳೆ? ಗೊನೆ ಕಡುದ್ಲು ಅಂತಿಲ್ವಾ?” ಅಜ್ಜಿ ರೇಗಿದಳು. “ಒಂದ್ ಗೊನೆ ಬುಟ್ಮೇಲೆ ಆ ಮರದ್ ಕತೆ ಮುಗೀತು ಕೂಸು. ಬುಡದಲ್ಲಿ ಕಂದು ಎದ್ದಿರ್ತದೆ, ಮರಿ ಬಾಳೆ. ಅದ್ಕೆ ನೀರ್ ಬುಡ್ದೆ ಅಳ್ತಾ ಕುಂತ್ಕಂಡ್ರೆ ಆಯ್ತದಾ?”

“ಅವಳಿಗೆ ದುಃಖ ಇಲ್ವಾ ಅಜ್ಜಿ?”

“ಇಲ್ದೆ ಏನು? ದುಕ್ಕ ಇರೋದ್ಕೇ ಹಾಡ್ಕತಾವ್ಳೆ. ಹಾಡ್ಕತಾನೇ ನೀರ್ ಕಟ್ತಾವ್ಳೆ.”

ತಾತ ತೀರಿಕೊಂಡಾಗ ಅಪ್ಪ ಇನ್ನೂ ತೊಟ್ಟಿಲಲ್ಲಿದ್ದರು. ಗೊತ್ತಿದ್ದ ಸಂಗತಿಯೇ, ಆದರೆ ಪದದ ಪಕ್ಕ ಇಟ್ಟು ನೋಡಿದ್ದು ಅವತ್ತೇ. ಬರೆದದ್ದನ್ನು ಹೊಡೆದುಹಾಕಿ ಅಜ್ಜಿ ಹೇಳಿದ್ದನ್ನೇ ಬರೆದೆ.

ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಅರ್ಥ ತಪ್ಪು’ ಎಂದು ಗೀಚಿದರು. ಅಜ್ಜಿಗೆ ತೋರಿಸಿದರೆ, “ಪಾಪ, ಅವ್ರು ಒಂದ್ ಬಾಳೆನೂ ನೆಟ್ಟಿಲ್ಲ, ಬುಡು” ಎಂದು ನಕ್ಕಳು.

ಇವತ್ತು ನಮ್ಮಪ್ಪ, ಎಪ್ಪತ್ತು ದಾಟಿದವರು, ಎರಡು ಹಣ್ಣು ತಿಂದು ಮೂರನೆಯದಕ್ಕೂ ಕೈ ಚಾಚಿದರು. ನೀನು ಕಟ್ಟಿದ ನೀರು ಚೆನ್ನಾಗಿಯೇ ಹತ್ತಿದೆ ಅಜ್ಜಿ.